ಮೊದಲ ಐವತ್ತು ಪದಗಳು

ಮಾರ್ಚ್ 3, ಸೋಮವಾರ

ಪರದೆ ಏಳಲಿ. ದೀಪಗಳು ಬೆಳಗಲಿ. ಹಾರ್ಮೋನಿಯಂ ಒಂದೆಳೆ ಸ್ವರ ಹಿಡಿಯಲಿ. ಏಕೆಂದರೆ ಇಂದು ಬಸವಕಲ್ಯಾಣದ ಮುಖ್ಯ ರಸ್ತೆಯಲ್ಲಿ, ಬಳೆ ಅಂಗಡಿಯ ನೆತ್ತಿಯ ಮೇಲಿರುವ ಒಂದು ಕೋಣೆಯಲ್ಲಿ, ಹಾಡುಹಗಲೇ ಒಂದು ಕೊಲೆಯ ಸಂಚು ನಡೆಯಿತು. ಸಂಚು ಹೂಡಿದವನು ನನ್ನ ಸ್ವಂತ ಅಕ್ಕನ ಮಗ ಸಂಜೀವಕುಮಾರ. ಕೊಲೆಯಾಗಬೇಕಾದವರು ಯಾರೆಂದು ಈಗಲೇ ಹೇಳಿಬಿಟ್ಟರೆ ಈ ಪುಟವನ್ನು ಮುಂದೆ ಓದುವವರು ಯಾರು? ಓದುವವನು ನಾನೊಬ್ಬನೇ, ನಿಜ. ಆದರೂ ಕ್ರಮ ಎಂಬುದೊಂದಿದೆ.

ಈ ಮಹಾರುದ್ರಪ್ಪ ಹುಟ್ಟಿದ್ದೇ ನಾಟಕ ಕಂಪನಿಯ ಡೇರೆಯ ಹಿಂದೆ. ಅಪ್ಪ ಹಾರ್ಮೋನಿಯಂ ನುಡಿಸುತ್ತಿದ್ದ, ಅವ್ವ ಬಣ್ಣ ಹಚ್ಚುತ್ತಿದ್ದಳು. ನನಗೆ ಮೀಸೆ ಮೂಡುವ ಮೊದಲೇ ಟಾಂಗಾದ ಮೇಲೆ ನಿಂತು ಭೋಂಗಾ ಹಿಡಿದು ಊರೂರು ಕೂಗುವ ಕೆಲಸ ಬಂತು. "ಹೆತ್ತ ತಾಯಿಯೇ ಮಗನಿಗೆ ವಿಷವಿಟ್ಟಳೇ? ಇಂದೇ ಬಂದು ನೋಡಿರಿ" ಎನ್ನುತ್ತ ಬಣ್ಣದ ಹ್ಯಾಂಡ್‌ಬಿಲ್ಲು ತೂರುತ್ತಿದ್ದೆ. ತಾಯಿ ವಿಷವಿಟ್ಟಿರಲಿಲ್ಲ. ಅದು ತಿಳಿಯುತ್ತಿದ್ದದ್ದು ಕೊನೆಯ ಅಂಕದಲ್ಲಿ, ಡೇರೆಯೆಲ್ಲ ಅತ್ತು ಮುಗಿದ ಮೇಲೆ. ಕಂಪನಿ ಮುಚ್ಚಿತು. ಪತ್ರಿಕೆಗಳಿಗೆ ವರದಿಗಾರನಾದೆ. ಈಗ ಸಂಜೀವನ ಜೊತೆ ಸೇರಿ 'ಗಡಿಗಂಟೆ' ಎಂಬ ಸುದ್ದಿಯ ವೆಬ್‌ಸೈಟು ನಡೆಸುತ್ತೇನೆ. ಬರೆಯುವುದು ನಾನು, ಯಂತ್ರ ನೋಡಿಕೊಳ್ಳುವುದು ಅವನು.

ನಾವು ಸುದ್ದಿ ಹಾಕಿದ ಕೂಡಲೆ ಅದು ಫೀಡ್ ಎಂಬ ಕಾಲುವೆಯಲ್ಲಿ ಹರಿದು ಕಲ್ಯಾಣ, ಹುಮನಾಬಾದ, ಹುಲಸೂರಿನ ಫೋನುಗಳಿಗೆ, ವಾಟ್ಸಾಪ್ ಗುಂಪುಗಳಿಗೆ ತಾನಾಗಿ ತಲುಪುತ್ತದೆ. ಇಲ್ಲಿಯವರೆಗೆ ಪೂರ್ತಿ ಲೇಖನವೇ ಹೋಗುತ್ತಿತ್ತು. ಜನ ಅಲ್ಲೇ ಓದಿ ಮುಗಿಸುತ್ತಾರೆ, ನಮ್ಮ ವೆಬ್‌ಸೈಟಿಗೆ ಕಾಲಿಡುವುದಿಲ್ಲ. ಜನ ಬಾರದ ಜಾಗಕ್ಕೆ ಜಾಹೀರಾತು ಯಾರು ಕೊಡುತ್ತಾರೆ? ಸಂಜೀವ ಇಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

"ಮಾಮಾ, ಮಂದಿ ಡೇರೆ ಹೊರಗ ನಿಂತು ಪೂರಾ ನಾಟಕ ನೋಡಿ ಮನೀಗೆ ಹೋಗಾಕತ್ತಾರ. ಇನ್ಮ್ಯಾಲ ಫೀಡಿನಾಗ ಮೊದಲಿನ ಐವತ್ತು ಪದ ಅಷ್ಟ ಬಿಡೂಣು. ಕೆಳಗ 'ಮುಂದೆ ಓದಿ' ಅಂತ ಇರ್ತದ. ಒತ್ತಿದ್ರ ನಮ್ಮ ಕಡೀಗೆ ಬರ್ತಾರ."

"ಅಂದ್ರ ನನ್ನ ಲೇಖನದ ಕುತ್ತಿಗಿ ಕೊಯ್ತಿ."

"ಕೊಯ್ಯೂದು ಯಂತ್ರರಿ ಮಾಮಾ. ನಾ ಬರೇ ಗುಂಡಿ ಒತ್ತಾಂವ."

ಕೊಲೆಯಾಗಲಿರುವುದು ನನ್ನ ಗದ್ಯ. ಇಗೋ, ಹೇಳಿದೆ.

ಮಾರ್ಚ್ 5, ಬುಧವಾರ

ಮೌನ ಎಂಬುದೊಂದು ಮಹಾಪಾತ್ರ. ಅದಕ್ಕೆ ಒಂದೂ ಮಾತಿಲ್ಲ, ಆದರೂ ರಂಗದ ತುಂಬ ಅದೇ. ನಿನ್ನೆ ಸಂಜೆಯಿಂದ ಆ ಪಾತ್ರ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ ಓಡಾಡುತ್ತಿದೆ.

ನಡೆದದ್ದು ಇಷ್ಟು. ಹುಲಸೂರಿನಿಂದ ಅಳಿಯ ಗುರುನಾಥನ ಫೋನು ಬಂತು. ಮಗಳು ಅನುರಾಧಾಗೆ ಇದು ಎರಡನೆಯ ಬಸಿರು, ತಿಂಗಳು ತುಂಬುತ್ತಿದೆ. ಬಿ.ಪಿ. ಏರಿದೆಯೆಂದು ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು, ಮಧ್ಯಾಹ್ನವೇ ಇಳಿಯಿತು, ಮನೆಗೆ ಕಳಿಸಿದರು. ನಾನು ಮನೆಗೆ ಬಂದು ಹೊಸ್ತಿಲಲ್ಲಿ ನಿಂತೆ. ಟೊಪ್ಪಿಗೆ ತೆಗೆದೆ. ಹೆಂಡತಿ ಭಾಗಮ್ಮ ರೊಟ್ಟಿ ತಟ್ಟುತ್ತಿದ್ದಳು. "ಭಾಗಾ, ಕೆಲಸ ಬಿಡು, ಹುಲಸೂರಿಂದ ಖಬರ ಬಂದದ" ಎಂದೆ. ಅಷ್ಟು ಹೇಳಿ, ನೀರು ಕೇಳಿ, ಕುಡಿದು, ಚೊಂಬನ್ನು ನಿಧಾನವಾಗಿ ಕೆಳಗಿಟ್ಟೆ. "ಅನು ಇವತ್ತ ಮುಂಜಾನಿ ದವಾಖಾನಿಗೆ..." ಎಂದು ಒಂದು ಉಸಿರು ಬಿಟ್ಟೆ.

ಭಾಗಮ್ಮ ಹಿಟ್ಟಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ನಾನು ಪೂರ್ತಿ ಹೇಳಿದೆ, ಮಗಳು ಅರಾಮ ಇದ್ದಾಳೆಂದೆ, ಕೊನೆಯ ಮಾತಿಗೆ ಒಳ್ಳೆಯ ಏರಿಳಿತವನ್ನೂ ಕೊಟ್ಟೆ. ಆಕೆ ಎದ್ದಳು. ಸೀರೆಯ ಮೇಲಿದ್ದ ಐದು ಬೆರಳಿನ ಹಿಟ್ಟನ್ನು ಜಾಡಿಸಿದಳು.

"ಮಗಳು ಬದುಕ್ಯಾಳೋ ಇಲ್ಲೋ ಅನ್ನೂದು ನಿಮಗ ನಾಟಕರಿ?"

ಆಮೇಲೆ ಮಾತಿಲ್ಲ. ಮೊದಲೇ ಹೇಳಿಬಿಟ್ಟರೆ ಕೂತು ಕೇಳುವವರು ಯಾರು ಎಂಬುದು ಆಕೆಗೆ ಇಷ್ಟು ವರ್ಷವಾದರೂ ತಿಳಿಯಲಿಲ್ಲ.

ಮಾರ್ಚ್ 8, ಶನಿವಾರ

ಕೇಳಿರಿ, ಸತ್ತ ನಾಯಕ ಎದ್ದು ನಿಂತ ಕಥೆ. ಗುರುವಾರ ಸಂಜೀವ ಗುಂಡಿ ಒತ್ತಿದ. ಫೀಡಿನಲ್ಲಿ ಪೂರ್ತಿ ಲೇಖನ ನಿಂತು ಆಯ್ದ ಭಾಗ ಶುರುವಾಯಿತು. ಅಂದು ನಾನು ಊಟ ಬಿಟ್ಟೆ. ಶುಕ್ರವಾರ ಸ್ನಾನ ಮಾಡುವಾಗ ತಲೆಯ ಮೇಲೆ ನೀರು ಬಿದ್ದಂತೆಯೇ ಅರಿವು ಬಿತ್ತು: ಈ ಐವತ್ತು ಪದ ಎಂದರೆ ಬೇರೇನಲ್ಲ, ನನ್ನ ಹಳೆಯ ಹ್ಯಾಂಡ್‌ಬಿಲ್ಲು. ಫೋನು ಎಂದರೆ ಟಾಂಗಾ. ವೆಬ್‌ಸೈಟು ಎಂದರೆ ಡೇರೆ. ಇದನ್ನು ನನಗಿಂತ ಚೆನ್ನಾಗಿ ಬರೆಯುವ ಗಂಡಸು ಬೀದರ ಜಿಲ್ಲೆಯಲ್ಲಿ ಯಾರಿದ್ದಾರೆ?

ಅಂದೇ ಪರೀಕ್ಷೆ ಮಾಡಿದೆ. ತ್ರಿಪುರಾಂತ ಕೆರೆಯ ದಂಡೆಯಲ್ಲಿ ನಸುಕಿನಲ್ಲಿ ಬೆಳ್ಳಗಿನ ಆಕೃತಿಯೊಂದು ಕೈ ಚಾಚಿ ನಿಂತದ್ದು, ವಾಕಿಂಗ್ ಹೋದವರು ಚಪ್ಪಲಿ ಬಿಟ್ಟು ಓಡಿದ್ದು, ಇಷ್ಟನ್ನು ಐವತ್ತು ಪದದಲ್ಲಿ ಬಿಗಿದೆ. ಅದು ಯಾರೋ ಒಣಹಾಕಿ ಮರೆತ ಧೋತರವೆಂಬುದನ್ನು ಕೊನೆಯ ಪ್ಯಾರಾದಲ್ಲಿ ಇಟ್ಟೆ. ಜನ ನುಗ್ಗಿದರು.

"ಮಾಮಾ, ಡೇರೆ ಫುಲ್" ಎಂದ ಸಂಜೀವ, ಪರದೆಯ ಮೇಲೆ ಓದುಗರ ಸಂಖ್ಯೆಯ ಏರುಗೆರೆ ತೋರಿಸುತ್ತ. "ನೀವು ಹಿಂಗ ಬರೀರಿ, ಯಾರೂ ನಮ್ಮನ್ನ ಹಿಡಿಯಂಗಿಲ್ಲ."

ಮುದಿ ಎದೆಯಲ್ಲಿ ಮತ್ತೆ ಭೋಂಗಾ ಕೂಗುತ್ತಿದೆ.

ಮಾರ್ಚ್ 11, ಮಂಗಳವಾರ

ಒಂದು ಊರು, ಒಂದು ಚಪ್ಪರ, ಒಂದು ಪಾರಿವಾಳ. ಈ ಮೂರರಿಂದ ನಾನು ಕಟ್ಟಲಿರುವ ನಾಟಕವನ್ನು ಈ ಸೀಮೆ ಬಹುಕಾಲ ನೆನೆಯುತ್ತದೆ.

ಊರು ಕೊಹಿನೂರ. ಭಾನುವಾರ ಅಲ್ಲಿ ಕುರಿ ಸಾಕುವ ರೈತ ಮಡೆಪ್ಪನವರ ಮಗಳ ಮದುವೆ. ಉಂಡವರಲ್ಲಿ ಹಲವರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಯಾರ ಜೀವಕ್ಕೂ ಧಕ್ಕೆಯಾಗಿಲ್ಲ, ಈಗ ಎಲ್ಲರೂ ಮನೆಗೆ ಬಂದಿದ್ದಾರೆ. ಆದರೆ ಊಟಕ್ಕೆ ಖಡಕ್ ರೊಟ್ಟಿ ಬಂದದ್ದು ಹುಮನಾಬಾದಿನ ಜಿಜಾಬಾಯಿ ಎಂಬಾಕೆಯ ಖಾನಾವಳಿಯಿಂದ, ಹೊರಗಿನಿಂದ ಬಂದ ಪದಾರ್ಥ ಅದೊಂದೇ. ಹೀಗಾಗಿ ಜನ ಆಕೆಯ ಹೆಸರು ಹಿಡಿದರು.

ಮಡೆಪ್ಪನವರೇ ನನ್ನನ್ನು ಕರೆಸಿದ್ದರು. ಮನೆಯ ಮಾಳಿಗೆ ಹತ್ತಿಸಿ ನೀರಿನ ಟಾಕಿ ತೋರಿಸಿದರು. ಮುಚ್ಚಳ ಸರಿದಿತ್ತು.

"ಇದರಾಗ ಪಾರಿವಾಳ ಬಿದ್ದು ಸತ್ತಿತ್ತರಿ. ಮದುವಿ ಗದ್ದಲದಾಗ ಟಾಕಿ ತೊಳಸೂದು ಯಾರಿಗೂ ನೆನಪಾಗಲಿಲ್ಲ. ಆರೋಗ್ಯ ಇಲಾಖೆಯವರು ಬಂದು ತಪಾಸಣಿಗೆ ನೀರು ಒಯ್ದಾರ, ರೊಟ್ಟೀನೂ ಒಯ್ದಾರ. ತಪ್ಪು ನಮ್ಮ ಮನೀದು. ಆ ಜಿಜಾಬಾಯೀದು ಏನೂ ಇಲ್ಲ. ಸುಮ್ ಸುಮ್ಕ ಆಕೀ ಹೆಸರ ಕೆಡಾಕತ್ತದ. ನೀವೊಂದು ನಾಕ್ ಸಾಲ ಬರೀರಿ."

"ನಾಕ್ ಸಾಲ ಯಾಕರಿ ಮಡೆಪ್ಪನವರ? ನಾಕ್ ಅಂಕ ಬರೀತೀನಿ."

ಅವರು ಟಾಕಿಯ ಮುಚ್ಚಳ ಸರಿಮಾಡಿದರು. "ನಾಕ್ ಸಾಲ ಸಾಕಾಗ್ತಿತ್ತರಿ" ಎಂದರು.

ಮಾರ್ಚ್ 13, ಗುರುವಾರ

ಇಂದು ನನ್ನ ಲೇಖನಿಯ ಮೇಲೆ ಸರಸ್ವತಿ ಕಾಲು ಮಡಚಿ ಕೂತಿದ್ದಳು. ಇಲಾಖೆಯ ಪರೀಕ್ಷೆಯ ಫಲ ಬಂದಿದೆ: ನೀರು ಕೆಟ್ಟಿತ್ತು, ರೊಟ್ಟಿ ಶುದ್ಧ. ಜಿಜಾಬಾಯಿಯ ಮೇಲಿನ ಕಳಂಕ ತೊಳೆಯುವ ಲೇಖನ ಬರೆದು ಮುಗಿಸಿದೆ. ಯಂತ್ರದ ಕತ್ತರಿ ಎಲ್ಲಿ ಬೀಳುತ್ತದೆಂದು ಪದ ಎಣಿಸಿಯೇ ಬರೆದೆ. ಫೀಡಿಗೆ ಹೋದ ಮೊದಲ ಭಾಗ ಇಲ್ಲಿರಲಿ:

"ಕೊಹಿನೂರದ ಮದುವೆ ಚಪ್ಪರದಲ್ಲಿ ಓಲಗ ನಿಲ್ಲುವ ಮೊದಲೇ ನರಳಾಟ ಶುರುವಾಯಿತು. ಅಕ್ಕಿಕಾಳು ಬಿದ್ದ ತಲೆಗಳು ಆಸ್ಪತ್ರೆಯ ದಿಂಬಿಗೆ ಒರಗಿದವು. ಯಾರಿಟ್ಟ ಕೂಳು, ಯಾವ ಒಲೆಯ ಬೆಂಕಿ? ಅಂದಿನ ಊಟದ ಖಡಕ್ ರೊಟ್ಟಿ ಬಂದದ್ದು ಹುಮನಾಬಾದಿನ ಜಿಜಾಬಾಯಿಯ ಖಾನಾವಳಿಯಿಂದ. ಈಗ ಊರ ತುಂಬ ಒಂದೇ ಪ್ರಶ್ನೆ: ಆ ಹೆಂಗಸು ತಟ್ಟಿದ ರೊಟ್ಟಿಯಲ್ಲಿ ಏನಿತ್ತು? ಉಂಡವರಿಗೆ ಗೊತ್ತಿಲ್ಲ, ಬಡಿಸಿದವರಿಗೆ ಗೊತ್ತಿಲ್ಲ. ಉತ್ತರ ಈ ಲೇಖನಿಗೆ ಗೊತ್ತಿದೆ. ಎದೆ ಗಟ್ಟಿ ಮಾಡಿಕೊಂಡು ಮುಂದೆ ಕೇಳಿ."

ಒಳಗೆ, ವೆಬ್‌ಸೈಟಿನಲ್ಲಿ, ಮದುವೆಯ ವರ್ಣನೆ, ಆಸ್ಪತ್ರೆಯ ದೃಶ್ಯ, ಮಾಳಿಗೆ, ಪಾರಿವಾಳ, ಮತ್ತೆ ಕಟ್ಟಕಡೆಗೆ ಸಿಡಿಲು: ಆ ರೊಟ್ಟಿಯಲ್ಲಿ ಇದ್ದದ್ದು ಜೋಳದ ಹಿಟ್ಟು, ಬಿಸಿನೀರು, ಹೆಂಗಸರ ಕೈಬಲ, ಅದರ ಹೊರತು ಏನೂ ಇಲ್ಲ. ಓದಿ ನನಗೇ ಕಣ್ಣು ತುಂಬಿತು.

ಏರುಗೆರೆ ಪರದೆ ದಾಟಿ ಹೋಗುವಂತಿದೆ. ಸಂಜೀವ ಮಿಠಾಯಿ ತಂದ.

ಮಾರ್ಚ್ 15, ಶನಿವಾರ

ಮಧ್ಯಾಹ್ನ ಒಂದು ಫೋನು. ಹೆಣ್ಣುದನಿ. ಹೊಗಳಲು ಫೋನು ಮಾಡಿದ್ದಾರೆಂದು ತಿಳಿದು ಕುರ್ಚಿಯಲ್ಲಿ ನೆಟ್ಟಗೆ ಕೂತು "ಹೇಳ್ರಿ ತಾಯಿ" ಎಂದೆ.

"ಗಡಿಗಂಟೆ ಕಾಕಾ ಅಂದ್ರ ನೀವೇ ಏನ್ರಿ? ನಾ ಶೀತಲ್, ಹುಮನಾಬಾದದಿಂದ. ಜಿಜಾಬಾಯಿ ಸೊಸಿ. ನಮ್ಮತ್ತಿ ನಿಮಗ ಏನ್ ಮಾಡಿದ್ದಳ್ರಿ?"

ನಾನು ನಕ್ಕೆ. ಲೇಖನ ಇರುವುದೇ ನಿಮ್ಮತ್ತೆಯ ಪರವಾಗಿ, ಕೊನೆಯವರೆಗೆ ಓದಮ್ಮ ಎಂದೆ.

"ನಾ ಓದೀನ್ರಿ, ಕಷ್ಟ ಬಿದ್ದು. ಆ 'ಮುಂದೆ ಓದಿ' ಒತ್ತಿದ್ರ ಮೊದಲ ಬಂಗಾರದಂಗಡಿ ಬರ್ತದ, ಅದನ್ನ ತಗದ್ರ ಬೀಜದಂಗಡಿ ಬರ್ತದ, ನಮ್ಮತ್ತಿ ರೊಟ್ಟಿ ಬರೂದ್ರಾಗ ನೆಟ್ ಸತ್ತಿರ್ತದ. ಇಲ್ಲಿ ಯಾರೂ ಒತ್ತಾಂಗಿಲ್ರಿ ಕಾಕಾ. ಫೋನಿನಾಗ ಬಂದಷ್ಟ ಓದ್ತಾರ, ಇನ್ನೊಂದು ಗ್ರೂಪಿಗೆ ದೂಡ್ತಾರ. ನಿನ್ನೆ ಮುಂಜಾನಿಂದ ಖಾನಾವಳಿಗೆ ಒಂದ ನರಪಿಳ್ಳೆ ಬಂದಿಲ್ಲ."

ಅಲ್ಲಿನ ಹುಡುಗಿಯರ ಹಾಸ್ಟೆಲೊಂದಕ್ಕೆ ದಿನವೂ ಇವರದೇ ರೊಟ್ಟಿ. ಓಣಿಯ ಎಂಟು ಹೆಂಗಸರು ಆ ಹಾಸ್ಟೆಲಿನ ರೊಟ್ಟಿ ತಟ್ಟಿಯೇ ಮನೆ ನಡೆಸುತ್ತಾರಂತೆ. ವಾರ್ಡನ್ ಜಯಮಾಲಾ ಮೇಡಂ ಬೆಳಗಿನ ಚಹಾದ ಜೊತೆ ನಮ್ಮ ಫೀಡು ಓದಿದ್ದಾರೆ. ಬರುವ ಶುಕ್ರವಾರ ಸಮಿತಿ ಸೇರುತ್ತದೆ, ರೊಟ್ಟಿಯನ್ನು ಬೇರೆಯವರಿಗೆ ಕೊಡುವ ಮಾತು ನಡೆದಿದೆ.

"ನಾಳೆನೇ ಸರಿ ಮಾಡ್ತೀನಿ ತಂಗಿ" ಎಂದೆ. ಶೀತಲ್ ಫೋನು ಇಟ್ಟಳು.

ಮಾರ್ಚ್ 16, ಭಾನುವಾರ

ತಿದ್ದುಪಡಿ ಬರೆದೆ. ಅಂಥ ಪಶ್ಚಾತ್ತಾಪದ ಮಾತನ್ನು ಯಾವ ರಂಗದ ಮೇಲೂ ಯಾವ ದೊರೆಯೂ ಆಡಿರಲಿಕ್ಕಿಲ್ಲ. ಎದ್ದು ನಿಂತು ಗಟ್ಟಿಯಾಗಿ ಓದಿ ನೋಡಿಕೊಂಡೆ, ಕೆಳಗಿನ ಬಳೆ ಅಂಗಡಿಯವರು ಮೇಲೆ ಬಂದು ಇಣುಕಿದರು. ಸಂಜೀವ ಮದುವೆಯೊಂದಕ್ಕೆ ಹೊರಟು ನಿಂತಿದ್ದ, ಓದದೆಯೇ ಗುಂಡಿ ಒತ್ತಿ ಹೋದ. ಒಂದು ಹಗಲಿನಲ್ಲಿ ಎಲ್ಲ ತಿಳಿಯಾಗುತ್ತದೆ.

ಮಾರ್ಚ್ 17, ಸೋಮವಾರ

ಆಗಲಿಲ್ಲ.

ಶೀತಲ್ ತನ್ನ ಫೋನಿಗೆ ಬಂದದ್ದರ ಚಿತ್ರ ತೆಗೆದು ಕಳಿಸಿದಳು. ಅದರಲ್ಲಿ ಇದ್ದದ್ದು ಇಷ್ಟು:

"ಪ್ರಿಯ ಓದುಗ ಮಹಾಶಯರ ಮುಂದೆ ಈ ಮುದಿ ಸೂತ್ರಧಾರ ತಲೆ ಬಾಗಿ ನಿಂತಿದ್ದಾನೆ. ಕೊಹಿನೂರದ ಮದುವೆಯಲ್ಲಿ ಹುಮನಾಬಾದಿನ ಜಿಜಾಬಾಯಿಯ ರೊಟ್ಟಿ ಉಂಡವರು ಆಸ್ಪತ್ರೆ ಸೇರಿದರೆಂಬ ಮಾತು ಮನೆಮನೆಗೆ ಮುಟ್ಟಿದೆ. ಎಳೆಮಕ್ಕಳ ತಟ್ಟೆಗೂ ಆ ರೊಟ್ಟಿ ಬೀಳುತ್ತಿದೆಯಲ್ಲ ಎಂದು ತಾಯಂದಿರು ನಡುಗಿದ್ದಾರೆ. ಹಾಸ್ಟೆಲಿನ ಹುಡುಗಿಯರ ತಂದೆತಾಯಿ ನಿದ್ದೆಗೆಟ್ಟಿದ್ದಾರೆ. ಇದಕ್ಕೆಲ್ಲ ಹೊಣೆ ಯಾರು? ಆ ಅಪರಾಧಿಯ ಹೆಸರನ್ನು ಇಂದು ಬಯಲಿಗೆಳೆಯುತ್ತೇನೆ. ಆ ಅಪರಾಧಿ ಇರುವುದು ನಿಮ್ಮ ನಡುವೆಯೇ, ಅದು ಬೇರೆ ಯಾರೂ ಅಲ್ಲ,"

ಅಲ್ಲಿಗೆ ಕತ್ತರಿ, ಈ ಸಲ ನಾನು ಪದ ಎಣಿಸಿರಲಿಲ್ಲ. ಕೆಳಗೆ 'ಮುಂದೆ ಓದಿ'. ಐವತ್ತೊಂದನೆಯ ಪದ 'ನಾನೇ' ಎಂಬುದಾಗಿತ್ತು. ಇಡೀ ತುಣುಕಿನಲ್ಲಿ ಇರುವ ಹೆಸರು ಜಿಜಾಬಾಯಿಯದೊಂದೇ.

ಹಾಸ್ಟೆಲಿನ ಹುಡುಗಿಯರ ಮನೆಗಳಿಂದ ಜಯಮಾಲಾ ಮೇಡಂಗೆ ಬೆಳಗಿನಿಂದ ಫೋನುಗಳು ಹೋಗುತ್ತಿವೆಯಂತೆ.

ಸಂಜೀವನ ಮೇಲೆ ಹರಿಹಾಯ್ದೆ. ಪೂರ್ತಿ ಲೇಖನವನ್ನೇ ಫೀಡಿಗೆ ಬಿಡು, ಈಗಲೇ ಗುಂಡಿ ತಿರುಗಿಸು ಎಂದೆ.

"ತಿರುಗಿಸಿದ್ರ ಏನಾಗ್ತದ ಮಾಮಾ? ಹೋದದ್ದು ಹೋತು, ಅದನ್ನ ತಿರುಗಿ ಕರೀಲಾಕ ಆಗಂಗಿಲ್ಲ. ಪೂರಾ ಕೊಟ್ರ ಮಂದಿ ಮತ್ತ ಹೊರಗ ನಿಂತು ಓದ್ತಾರ, ಈ ಕೋಣಿ ಬಾಗಿಲಾ ಹಾಕೂದ."

"ಒಬ್ಬಾಕಿ ಒಲಿ ಆರಿಸಿ ನಮ್ಮ ಬಾಗಿಲಾ ತಗದಿಡ್ತೀಯೇನು?"

ಅವನು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದ. ಆಮೇಲೆ ತಣ್ಣಗೆ ಹೇಳಿದ. "ಗುಂಡಿ ಒತ್ತಿದ್ದು ನಾನು, ಖರೇ. ಆದ್ರ ಎಲ್ಲಿ ಕತ್ತರಿಸಿದ್ರೂ ಕೆಡೂ ಹಾಂಗ ಬರದವರು ಯಾರು ಮಾಮಾ? ಪೂರಾ ಬಿಟ್ಟಿದ್ರೂ ಆಕೀ ತಪ್ಪಿಲ್ಲ ಅನ್ನೂದು ಎಷ್ಟನೇ ಪ್ಯಾರಾದಾಗ ಬರ್ತಿತ್ತು?"

ಮೆಟ್ಟಿಲಿಳಿದು ಮನೆಗೆ ಬಂದೆ.

ಮಾರ್ಚ್ 18, ಮಂಗಳವಾರ

ಹುಮನಾಬಾದಿಗೆ ಹೋಗಿದ್ದೆ. ದಾರಿಯಲ್ಲಿನ ರಾಜೇಶ್ವರ ಊರು ದಾಟುವವರೆಗೂ ಬಸ್ಸಿನಲ್ಲಿ ಮನಸ್ಸಿನಲ್ಲೇ ಮಾತು ಜೋಡಿಸಿದೆ. ಖಾನಾವಳಿ ಕಂಡ ಮೇಲೆ ಒಂದೂ ನೆನಪಿಗೆ ಬರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಓಣಿ. ಉದ್ದನೆಯ ತಗಡಿನ ಚಪ್ಪರ, ಸಾಲಾಗಿ ಒಲೆಗಳು. ಒಂದರಲ್ಲಿ ಮಾತ್ರ ಬೆಂಕಿ ಇತ್ತು. ಬುಟ್ಟಿಗಳಲ್ಲಿ ಖಡಕ್ ರೊಟ್ಟಿ ಒಟ್ಟಿದ್ದು ಹಾಗೇ ಇತ್ತು. ಸಮಿತಿ ಸೇರುವವರೆಗೆ ರೊಟ್ಟಿ ಬೇಡವೆಂದು ಹಾಸ್ಟೆಲಿನಿಂದ ಹೇಳಿ ಕಳಿಸಿದ್ದರಂತೆ. ಹೆಂಗಸರು ಕೆಲಸವಿಲ್ಲದೆ ಗೋಡೆಗೆ ಒರಗಿ ಕೂತಿದ್ದರು, ಆದರೂ ಮನೆಗೆ ಹೋಗಿರಲಿಲ್ಲ. ಜಿಜಾಬಾಯಿ ನನ್ನ ವಯಸ್ಸಿನಾಕೆ, ಗಿಡ್ಡ ದೇಹ. ನಾನು ಯಾರೆಂದು ಶೀತಲ್ ಹೇಳಿದಾಗ ಆಕೆ ನನಗೆ ಕೂಡಲು ಸ್ಟೂಲು ಸರಿಸಿದರು, ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನಾ ಓದಾಕಿ ಅಲ್ರಿ ಅಣ್ಣಾರ. ಓದಿ ಹೇಳಿದಷ್ಟ ನನಗ ಗೊತ್ತು."

ಪೂರ್ತಿ ಲೇಖನವನ್ನು ಓದುತ್ತೇನೆ ಎಂದೆ. ಎದ್ದು ನಿಂತು ಓದಿದೆ. ದನಿ ತಗಡಿಗೆ ಬಡಿದು ಓಣಿಯವರೆಗೂ ಹೋಯಿತು. ಹೆಂಗಸರು 'ಆ ರೊಟ್ಟಿಯಲ್ಲಿ ಏನಿತ್ತು' ಎಂಬಲ್ಲಿ ತಲೆ ತಗ್ಗಿಸಿದರು, ಪಾರಿವಾಳ ಬಂದಾಗ ಎತ್ತಿದರು, ಕೊನೆಗೆ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಪ್ಪಾಳೆ ಬೀಳುವ ಜಾಗ ಅದು. ಯಾರೂ ಹೊಡೆಯಲಿಲ್ಲ.

"ಭಾಳ ಚಂದ ಓದ್ತೀರಿ ಕಾಕಾ" ಎಂದಳು ಶೀತಲ್. "ಇನ್ನ ಹುಮನಾಬಾದದಾಗ ಮನಿ ಮನಿಗೆ ಹೋಗಿ ಹಿಂಗ ಓದ್ತೀರೇನು?"

"ಆಟೋಕ್ಕ ಭೋಂಗಾ ಕಟ್ಟಿಸಿ ಕೂಗಿಸ್ತೀನಿ ತಂಗಿ. ನನಗ ರೂಢಿ ಅದ."

"ಬ್ಯಾಡ್ರಿಯಪ್ಪಾ. ಕೇಳದಿದ್ದವರೂ ಕೇಳ್ತಾರ, ಅವರೂ ಅರ್ಧಾ ಕೇಳ್ತಾರ. ಆಟೋ ನಿಲ್ಲಂಗಿಲ್ಲ."

ಜಿಜಾಬಾಯಿ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಕೈ ಒರೆಸಿಕೊಂಡರು. "ಇವರ ಮ್ಯಾಲ ಯಾಕ ಸಿಟ್ಟಾಗ್ತಿ? ಅಣ್ಣಾರು ಒಳ್ಳೇದಕ್ಕ ಬರದಾರ. ಆದ್ರ ಆ ಮೇಡಂ ಚಹಾ ಕುಡಿಯೂದ್ರಾಗ ಎಷ್ಟ ಕಾಣ್ತದೋ ಅಷ್ಟರಾಗ ನನ್ನ ಮಾತ ಇರಬೇಕಿತ್ತರಿ. ಅದು ಇಲ್ಲ. ಅಲ್ಲಿ ನನ್ನ ಹೆಸರ ಒಂದ ಅದ."

ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಪುಡಿ ಕೊಟ್ಟರು. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ನಾನು ತಿನ್ನುವುದನ್ನು ನಿಂತು ನೋಡಿದರು.

ಮಾರ್ಚ್ 19, ಬುಧವಾರ

ಬರೆಯಲಾಗಲಿಲ್ಲ. ಬರೆದದ್ದನ್ನೆಲ್ಲ ಹರಿದೆ. ಎಲ್ಲವೂ "ಕೇಳಿರಿ" ಎಂದೇ ಶುರುವಾಗುತ್ತವೆ.

ಭಾಗಮ್ಮ ಊಟಕ್ಕೆ ಕರೆದಳು. ಏನಾಗಿದೆ ಎಂದು ಕೇಳಿದಳು. "ನಾಡಿದ್ದ ಒಬ್ಬಾಕಿ ಕೆಲಸ ಹೋಗ್ತದ, ನಾ ಬರದದ್ದಕ್ಕ" ಎಂದೆ. ಆಕೆ ನನ್ನ ತಟ್ಟೆಗೆ ಮಜ್ಜಿಗೆ ಹಾಕಿದಳು.

ಮಾರ್ಚ್ 20, ಗುರುವಾರ

ಒಂದು ವಾಕ್ಯ ಹಾಕಿದ್ದೇವೆ.

"ಹುಮನಾಬಾದಿನ ಜಿಜಾಬಾಯಿಯ ರೊಟ್ಟಿಯಲ್ಲಿ ಯಾವ ದೋಷವೂ ಇರಲಿಲ್ಲ, ಕೊಹಿನೂರದ ಮದುವೆಯಲ್ಲಿ ಜನರ ಆರೋಗ್ಯ ಕೆಟ್ಟದ್ದು ಮದುವೆ ಮನೆಯ ಟಾಕಿಯ ನೀರಿನಿಂದ ಎಂದು ಪರೀಕ್ಷೆಯಲ್ಲಿ ತಿಳಿದಿದೆ, ಮನೆಯವರಾದ ಮಡೆಪ್ಪನವರೂ ಹಾಗೆಂದು ಹೇಳಿದ್ದಾರೆ."

ಅಷ್ಟೇ. ಶೀರ್ಷಿಕೆಯೂ ಅದೇ. ಸಂಜೀವ ಪರದೆಯನ್ನೂ ನನ್ನನ್ನೂ ನೋಡಿದ.

"ಕೆಳಗ ಏನದ ಮಾಮಾ?"

"ಏನಿಲ್ಲ."

"ಒಬ್ಬರೂ ಒತ್ತಂಗಿಲ್ಲ ಇದನ್ನ. ಒತ್ತಲಾಕ ಏನೂ ಉಳದಿಲ್ಲ."

"ಯಂತ್ರಕ್ಕ ಕತ್ತರಿಸಾಕೂ ಏನೂ ಉಳದಿಲ್ಲ. ಹಾಕು."

ಹಾಕಿದ. ಏರುಗೆರೆ ಏಳಲಿಲ್ಲ, ನೆಲಕ್ಕೆ ಅಂಟಿಕೊಂಡು ಮಲಗಿದೆ. ಸಂಜೆ ಸಂಜೀವ ಹೊರಡುವಾಗ ತನ್ನ ಫೋನಿನಲ್ಲಿದ್ದ ಗುಂಪುಗಳಿಗೆಲ್ಲ ಅದೇ ವಾಕ್ಯವನ್ನು ತಾನೇ ಕಳಿಸುತ್ತ ಮೆಟ್ಟಿಲಿಳಿದದ್ದನ್ನು ಕಂಡೆ.

ನಾಳೆ ಸಮಿತಿ. ನಾನೇ ಹೋಗಿ ಜಯಮಾಲಾ ಮೇಡಂ ಎದುರು ಮಾತನಾಡುತ್ತೇನೆ. ಬಾಯಿಪಾಠ ಮಾಡಿಕೊಂಡಿದ್ದೇನೆ.

ಮಾರ್ಚ್ 21, ಶುಕ್ರವಾರ

ಹಾಸ್ಟೆಲಿನ ರೊಟ್ಟಿ ಜಿಜಾಬಾಯಿಗೇ ಉಳಿಯಿತು.

ಬೆಳಿಗ್ಗೆ ಹುಮನಾಬಾದಿನಲ್ಲಿ ಇಳಿದು ಖಾಜಾ ಎಂಬವನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹಮಾಲರು.

"ಊಟಕ್ಕ ಎಲ್ಲಿ ಹೋಗೂಣು?"

"ಜಿಜಾಬಾಯೀ ಕಡಿ ನಡಿ. ಆಕೀ ರೊಟ್ಟೀದಲ್ಲಂತ, ನೀರಿಂದಂತ."

"ಯಾರಂದ್ರು?"

"ಎಲ್ಲಾರೂ ಅನ್ನಾಕತ್ತಾರ."

ಅದು ನನ್ನ ವಾಕ್ಯ. ಯಾರು ಬರೆದದ್ದೆಂದು ಅವರಿಗೆ ಗೊತ್ತಿಲ್ಲ. ನನ್ನ ಚಹಾ ಆರಿ ಹೋಯಿತು.

ಹಾಸ್ಟೆಲಿನಲ್ಲಿ ಜಯಮಾಲಾ ಮೇಡಂ ಬಾಗಿಲಲ್ಲೇ ಸಿಕ್ಕರು. ಸಮಿತಿ ಇನ್ನೂ ಸೇರಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ.

"ಓದೀನ್ರಿ" ಎಂದರು. "ನಿನ್ನೆ ಚಹಾ ಕುಡಿಯೂ ಮುಂದ. ಮಡೆಪ್ಪನವರಿಗೂ ಫೋನ್ ಮಾಡಿ ಕೇಳಿದೆ. ಹುಡುಗ್ಯಾರ ಮನಿಯವರಿಗೂ ಅದನ್ನ ಕಳಿಸೀನಿ. ಒಂದು ವಾರ ನಾ ಮೊದಲ ತಿಂತೀನಿ, ಆಮ್ಯಾಲ ಹುಡುಗ್ಯಾರು. ಮತ್ತೇನರ ಹೇಳೂದದ ಏನ್ರಿ?"

"ಇಲ್ರಿ" ಎಂದೆ.

ಮಧ್ಯಾಹ್ನ ಸಮಿತಿ ಮುಗಿದ ಮೇಲೆ ಖಾನಾವಳಿಗೆ ಹೋಗಿ ತಿಳಿಸಿದೆ. ನಾಲ್ಕು ಒಲೆ ಹೊತ್ತಿದ್ದವು. ಎರಡು ಮದುವೆಯ ರೊಟ್ಟಿ ಬೇರೆಯವರಿಗೆ ಹೋಗಿದೆಯಂತೆ, ಅವು ತಿರುಗಿ ಬರುವುದಿಲ್ಲ. ಜಿಜಾಬಾಯಿ ಅದನ್ನೂ ಹೇಳಿದರು, ಸ್ಟೂಲನ್ನೂ ಸರಿಸಿದರು.

ಮಾರ್ಚ್ 24, ಸೋಮವಾರ

ಆಯ್ದ ಭಾಗವೇ ಇರಲಿ ಎಂದು ಒಪ್ಪಿದೆ. ಆದರೆ ಯಂತ್ರ ಕತ್ತರಿಸುವುದು ಬೇಡ. ಪ್ರತಿ ಸುದ್ದಿಯ ಮೊದಲ ತುಣುಕನ್ನು ನಾನೇ ಬೇರೆಯಾಗಿ ಬರೆದುಕೊಡುತ್ತೇನೆ. ಯಂತ್ರದಲ್ಲೇ ಅದಕ್ಕೊಂದು ಜಾಗವಿದೆ ಎಂದು ಸಂಜೀವ ಹುಡುಕಿ ತೋರಿಸಿದ. ಅದು ಮೊದಲಿನಿಂದಲೂ ಅಲ್ಲೇ ಇತ್ತಂತೆ.

ಏರುಗೆರೆ ಸ್ವಲ್ಪ ಇಳಿದಿದೆ. ಸಂಜೀವ ಲೆಕ್ಕ ಹಾಕುತ್ತಾನೆ, ಬೈಯುವುದಿಲ್ಲ.

ಮಾರ್ಚ್ 29, ಶನಿವಾರ

ಅನುರಾಧಾಗೆ ಹೆಣ್ಣು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಬೆಳಿಗ್ಗೆ ನೋವು ಶುರುವಾಯಿತೆಂದು ಗುರುನಾಥ ಫೋನು ಮಾಡಿದ. ದೊಡ್ಡ ಮೊಮ್ಮಗ ನಮ್ಮಲ್ಲೇ ಇದ್ದುದರಿಂದ ಭಾಗಮ್ಮ ಮನೆಯಲ್ಲಿ ಉಳಿದಳು, ನಾನೊಬ್ಬನೇ ಹುಲಸೂರಿನ ಆಸ್ಪತ್ರೆಗೆ ಹೋದೆ. ಬಿ.ಪಿ. ಮತ್ತೆ ಏರಿತ್ತು. ಡಾಕ್ಟರು ಎರಡು ಸಲ ಹೊರಗೆ ಬಂದು ನಮ್ಮ ಮುಖ ನೋಡದೆ ಒಳಗೆ ಹೋದರು. ಗುರುನಾಥ ಗೋಡೆ ಹಿಡಿದು ನಿಂತಿದ್ದ. ಕೊನೆಗೆ ನರ್ಸು ಬಾಗಿಲು ತೆರೆದಳು.

ಭಾಗಮ್ಮನಿಗೆ ಫೋನು ಮಾಡಿದೆ. ಆಕೆ 'ಹಲೋ' ಎನ್ನುವ ಮೊದಲೇ ಹೇಳಿದೆ.

"ಇಬ್ಬರೂ ಅರಾಮ ಅದಾರ. ಹೆಣ್ಣು."

ಸಿಗ್ನಲ್ ಹೋಯಿತೇನೋ ಎಂದುಕೊಂಡೆ.

"ಮತ್ತ?" ಎಂದಳು.

"ಮತ್ತೇನಿಲ್ಲ. ಅಷ್ಟ."

ಆಕೆ ನಗತೊಡಗಿದಳು. ಅಳುತ್ತಲೂ ಇದ್ದಳೆಂದು ಕಾಣುತ್ತದೆ. ನಗುವಂಥದ್ದನ್ನು ನಾನೇನು ಹೇಳಿದೆನೋ ತಿಳಿಯಲಿಲ್ಲ.

"ಲಗೂನ ಮನೀಗೆ ಬರ್ರಿ" ಎಂದಳು. "ಮುಂಜಾನಿಂದ ಏನೇನಾತು, ಡಾಕ್ಟರ ಏನಂದ್ರು, ಅಳಿಯಂದ್ರು ಹ್ಯಾಂಗ ನಿಂತಿದ್ರು, ಎಲ್ಲಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ. ಕೂತು ಕೇಳ್ತೀನಿ."

ಹುಲಸೂರಿನಿಂದ ಸಂಜೆಯ ಬಸ್ಸು ಹಿಡಿದು ಬಂದೆ. ಬಾಗಿಲು ತೆರೆದೇ ಇತ್ತು. ಆಕೆ ಅಂಗಳದಲ್ಲಿ ಮಣೆ ಹಾಕಿಕೊಂಡು, ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ನಾನು ನಿಲ್ಲುವ ಕಡೆಗೇ ಮುಖ ಮಾಡಿ ಕೂತಿದ್ದಳು.